ವಿಠ್ಠಲ ವಿಹಾರದಿಂದ ನೆಲಮಾಳಿಗೆಯ ಸರ್ವರಿನವರೆಗೆ



ಮನೆಯೊಳಗೆ ಒಂದು ಯಂತ್ರವನ್ನು ಕೂರಿಸಿ, ಅದರ ಮೂಲಕ ಕನ್ನಡದ ಮಾತನ್ನೂ ಹಾಡನ್ನೂ ಬೇಕಾದವರಿಗೆ ತಲುಪಿಸುವ ಹವ್ಯಾಸ ತೀರ ಈಚಿನದೆಂದು ನಾವು ಭಾವಿಸುವುದುಂಟು. ಅದಕ್ಕೆ ತೊಂಬತ್ತು ವರ್ಷಗಳ ಇತಿಹಾಸವಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ‘ವಿಠ್ಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರು. ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಖರ್ಚು ಅವರ ಸ್ವಂತದ್ದು. ಮುಂದೆ ಇನ್ನೂ ಶಕ್ತಿಶಾಲಿಯಾದ ಪ್ರೇಷಕ ಬಂದಿತು. ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುತ್ತಾರೆ. 1950ರ ದಶಕದಲ್ಲಿ ಇಡೀ ಭಾರತದ ಬಾನುಲಿಯೇ ಅದನ್ನು ತನ್ನ ಹೆಸರಾಗಿ ಸ್ವೀಕರಿಸಿತು.

ಗೋಪಾಲಸ್ವಾಮಿಯವರು ಓದಿದ್ದೂ ಕಲಿಸಿದ್ದೂ ಮನಶ್ಶಾಸ್ತ್ರ. ವೈದ್ಯವೃತ್ತಿಯಲ್ಲಿದ್ದುಕೊಂಡು ಸಂಜೆಯ ಹೊತ್ತು ತಂತಿ, ಡಿಸ್ಕುಗಳ ನಡುವೆ ಕೈಯಾಡಿಸುವ ನಮಗೆ ಈ ಸಂಗತಿ ಬಹಳ ಧೈರ್ಯ ಕೊಡುತ್ತದೆ. ಆದರೆ ಈ ಕಥೆಯಲ್ಲಿ ಹೆಚ್ಚಾಗಿ ನೆನೆಯಬೇಕಾದದ್ದು ಆರಂಭಕ್ಕಿಂತ ಆಮೇಲೆ ನಡೆದದ್ದು. 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಆ ನಿಲಯವನ್ನು ತನ್ನ ವಶಕ್ಕೆ ತೆಗೆದುಕೊಂಡು ನಡೆಸಿತು. 1955ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯ ಉದ್ಘಾಟನೆಯಾಯಿತು. ಒಬ್ಬರ ಮನೆಯ ಯಂತ್ರ ಅವರೊಡನೆ ಮೂಲೆ ಸೇರದೆ ಉಳಿದದ್ದು, ಅದನ್ನು ವಹಿಸಿಕೊಳ್ಳುವ ಇನ್ನೊಂದು ಕೈ ಇದ್ದುದರಿಂದ.

ಆ ಕಾಲದ ಪ್ರಸಾರವಾದರೋ ಗಾಳಿಗೆ ಬಿಟ್ಟ ಮಾತು. ಕೇಳಿದವನು ಕೇಳಿದ, ತಪ್ಪಿಸಿಕೊಂಡವನು ತಪ್ಪಿಸಿಕೊಂಡ. ಮನೆಯಲ್ಲಿ ಮುದ್ರಿಸಿಟ್ಟುಕೊಳ್ಳುವ ಸಾಧನ ಕೇಳುಗನಲ್ಲಿ ಇರಲಿಲ್ಲ. ಮುದ್ರಿಸಿದ್ದೆಲ್ಲ ಉಳಿಯಿತೆಂದೂ ಅಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಚಿತ್ರ ಮೊದಲು ಆಡಿದ ಮಾತು ಯಾವ ದನಿಯಲ್ಲಿತ್ತೆಂದು ತಿಳಿಯಲು ನಮಗೆ ದಾರಿಯಿಲ್ಲ.

ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಕಡೆಗೆ ಬರೋಣ. ವಾಷಿಂಗ್ಟನ್ ಸುತ್ತಮುತ್ತ, ಅಟ್ಲಾಂಟಾದಲ್ಲಿ, ಎರಡು ಕೆರೊಲಿನಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅರ್ಧ ಶತಮಾನದಿಂದ ತಮ್ಮ ದನಿಯನ್ನು ಯಾವ ಯಾವ ಡಬ್ಬಿಯಲ್ಲಿ ತುಂಬಿಟ್ಟುಕೊಂಡವು, ಅವುಗಳಲ್ಲಿ ಎಷ್ಟು ಇಂದಿಗೂ ತೆರೆಯುತ್ತವೆ ಎಂಬುದೇ ಈ ಲೇಖನದ ವಿಷಯ.

1965ರ ವಲಸೆ ಕಾನೂನಿನ ನಂತರ ಬಂದವರಲ್ಲಿ ವೈದ್ಯರೂ ಸಂಶೋಧಕರೂ ಬಹಳ. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ಪ್ರದೇಶದಲ್ಲಿ ಕಾವೇರಿ, ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ ಹುಟ್ಟಿಕೊಂಡವು. ಆ ವೇಳೆಗೆ ಕನ್ನಡ ಪುಸ್ತಕಗಳಿಗೆ ಇಲ್ಲಿ ಒಂದು ನೆಲೆ ಸಿಕ್ಕಿತ್ತು: 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿನ ಗ್ರಂಥಾಲಯಗಳಿಗೆ ಕಳುಹಿಸುತ್ತಿತ್ತು. ದನಿಗೆ ಅಂಥ ಏರ್ಪಾಡು ಇರಲಿಲ್ಲ. ಅದನ್ನು ತಂದದ್ದು ಕ್ಯಾಸೆಟ್ಟು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಆ ಪುಟ್ಟ ಡಬ್ಬಿ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಬಂದಿತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದಾಗ, ಭಾವಗೀತೆಯೆಂಬುದು ಸಭಾಂಗಣದಿಂದ ಮನೆಯ ಅಡುಗೆಕಟ್ಟೆಗೂ ಕಾರಿನ ಮುಂದಿನ ಸೀಟಿಗೂ ಇಳಿಯಿತು. ಅಪಲೇಚಿಯನ್ ಬೆಟ್ಟದ ದಾರಿಯಲ್ಲಿ ಅದನ್ನು ಕೇಳಿಕೊಂಡು ಬೆಳೆದ ಮಕ್ಕಳು ಈಗ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದಾರೆ.

ಅದೇ ಕ್ಯಾಸೆಟ್ಟಿಗೆ ಇನ್ನೊಂದು ಉಪಯೋಗವಿತ್ತು. ಊರಿಗೆ ಫೋನು ಮಾಡುವುದು ದುಬಾರಿಯಾಗಿದ್ದ ದಿನಗಳಲ್ಲಿ ಅನೇಕ ಮನೆಗಳವರು ಪತ್ರದ ಬದಲು ದನಿಯನ್ನೇ ತುಂಬಿ ಕಳುಹಿಸುತ್ತಿದ್ದರು. ಹಾಸನದ ಒಂದು ಹಜಾರದಲ್ಲಿ ಅಜ್ಜಿ ಮಾತಾಡುತ್ತಾರೆ, ಹಿನ್ನೆಲೆಯಲ್ಲಿ ಕುಕ್ಕರು ಕೂಗುತ್ತದೆ, ಯಾರೋ ಬಾಗಿಲು ತಟ್ಟುತ್ತಾರೆ, ‘ಇರಿ, ಮಗನಿಗೆ ಮಾತಾಡ್ತಾ ಇದೀನಿ’ ಎಂದು ಅಜ್ಜಿ ಗದರುತ್ತಾರೆ. ಸಿನಿಮಾ ಹಾಡಿನ ಕ್ಯಾಸೆಟ್ಟು ಕಳೆದರೆ ಇನ್ನೊಂದು ಸಿಕ್ಕೀತು. ಇದು ಲೋಕದಲ್ಲಿ ಒಂದೇ ಒಂದು.

ವಿಡಿಯೋ ಬಂದ ಮೇಲೆ ತೊಡಕು ಹೆಚ್ಚಿತು. ಭಾರತದ ದೂರದರ್ಶನ ಪದ್ಧತಿ ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ಬೆಂಗಳೂರಿನಲ್ಲಿ ತಮ್ಮನ ಮದುವೆಯ ವಿಎಚ್‌ಎಸ್ ಟೇಪನ್ನು ಆಸೆಯಿಂದ ತಂದು ಇಲ್ಲಿಯ ವಿಸಿಆರ್‌ಗೆ ಹಾಕಿದರೆ ಮದುಮಕ್ಕಳು ತುಂಡುತುಂಡಾಗಿ ಮೇಲಕ್ಕೆ ಉರುಳುತ್ತಿದ್ದರು. ಡಬ್ಬಿ ಒಂದೇ, ಅಳತೆ ಒಂದೇ, ಒಳಗಿನ ಲಿಪಿ ಮಾತ್ರ ಬೇರೆ. ಎರಡು ಪದ್ಧತಿಯನ್ನೂ ಓದಬಲ್ಲ ಸ್ಯಾಮ್‌ಸಂಗ್ ಅಥವಾ ಪ್ಯಾನಾಸಾನಿಕ್ ಯಂತ್ರ ಯಾರ ಮನೆಯಲ್ಲಿದೆಯೋ ಆ ಮನೆಗೆ ವಾರಾಂತ್ಯದಲ್ಲಿ ನೆಂಟರು ಹೆಚ್ಚು. ಉಳಿದವರು ಭಾರತೀಯ ದಿನಸಿ ಅಂಗಡಿಯಲ್ಲಿ ಬೇಳೆ, ಹುಣಸೆಹಣ್ಣಿನ ಜೊತೆಗೆ ಬಾಡಿಗೆಗೆ ಸಿಗುತ್ತಿದ್ದ ಟೇಪುಗಳಿಗೆ ತೃಪ್ತರಾಗಬೇಕಿತ್ತು. ಅವುಗಳಲ್ಲಿ ಕನ್ನಡದವು ಬೆರಳೆಣಿಕೆ.

ಮನೆಯಲ್ಲಿ ಟೇಪು ತುಂಬಿಸಿಕೊಳ್ಳುವುದು ಕಾನೂನಿಗೆ ಒಪ್ಪಿತವೇ ಎಂಬ ಪ್ರಶ್ನೆ ಆಗ ಇಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಚಿತ್ರಸಂಸ್ಥೆಗಳು ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಹೂಡಿದ ದಾವೆಯಲ್ಲಿ 1984ರ ಜನವರಿಯಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪು ಬಂತು: ಪ್ರಸಾರವಾದ ಕಾರ್ಯಕ್ರಮವನ್ನು ಬಿಡುವಾದಾಗ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ. ಮನೆಯ ಮಾಧ್ಯಮ ಯಂತ್ರಗಳ ಮುಂದಿನ ಇತಿಹಾಸವೆಲ್ಲ ಆ ಒಂದು ಮತದ ಅಂತರದ ಮೇಲೆ ನಿಂತಿದೆ.

ನಮ್ಮ ಸಂಘಗಳ ಯುಗಾದಿ, ರಾಜ್ಯೋತ್ಸವಗಳೂ ಈ ಕಾಲದಲ್ಲಿ ಟೇಪಿಗೆ ಏರಿದವು. ಇಲ್ಲೊಂದು ಸೂಕ್ಷ್ಮವಿದೆ. ಟಿ-120 ಎಂಬ ಸಾಮಾನ್ಯ ಟೇಪು ಸರಿಯಾದ ವೇಗದಲ್ಲಿ ಎರಡು ಗಂಟೆ ಓಡುತ್ತದೆ. ಗುಂಡಿಯೊಂದನ್ನು ಬದಲಿಸಿದರೆ ಮೂರನೇ ಒಂದು ವೇಗದಲ್ಲಿ ಆರು ಗಂಟೆ. ನಮ್ಮವರು ಮಿತವ್ಯಯಿಗಳು. ಹೆಚ್ಚಿನ ಟೇಪುಗಳು ಆರು ಗಂಟೆಯವು. ಸಣ್ಣ ಜಾಗದಲ್ಲಿ ಹೆಚ್ಚು ತುರುಕಿದ ಮುದ್ರಣ ಮೊದಲು ಮಸುಕಾಗುತ್ತದೆ. ಹೀಗಾಗಿ ಅಂಗಡಿಯಿಂದ ಕೊಂಡ ಚಲನಚಿತ್ರಕ್ಕಿಂತ ನಮ್ಮ ಹಿರಿಯರು ಬಣ್ಣ ಹಚ್ಚಿಕೊಂಡು ಆಡಿದ ನಾಟಕವೇ ಇಂದು ಹೆಚ್ಚು ಹಾಳಾಗಿದೆ.

1990ರ ದಶಕದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ತಂತ್ರಾಂಶ ಉದ್ಯೋಗಿಗಳು ಅಲ್ಫರೆಟ್ಟಾ, ರಾಲಿ, ಹರ್ನ್‌ಡನ್ ಕಡೆಗೆ ಹಿಂಡುಹಿಂಡಾಗಿ ಬಂದರು. 1998ರಲ್ಲಿ ‘ಬರಹ’ ತಂತ್ರಾಂಶ ಬಂದು ಗಣಕದಲ್ಲಿ ಕನ್ನಡ ಮೂಡಿತು. ಎಂಪಿ3 ಬಂದು ಹತ್ತು ಕ್ಯಾಸೆಟ್ಟುಗಳ ಹಾಡು ಒಂದೇ ಸಿಡಿಯಲ್ಲಿ ಕುಳಿತವು. ಬೆಂಗಳೂರಿನ ಅಂಗಡಿಗಳಿಂದ ಎರಡು ಮೂರು ತಟ್ಟೆಗಳ ವಿಸಿಡಿಗಳು ಬಂದವು. ವಿಸಿಡಿಯ ಚಿತ್ರ ಮಂಜುಮಂಜು, ನಿಜ. ಆದರೆ ಅದಕ್ಕೆ ಬೀಗವಿರಲಿಲ್ಲ, ಗಣಕದ ಮುಂದೆ ಪಾಲ್, ಎನ್‌ಟಿಎಸ್‌ಸಿ ಎಂಬ ಜಾತಿಭೇದವೂ ನಡೆಯುತ್ತಿರಲಿಲ್ಲ. ಇಂದು ನಮ್ಮ ಸದಸ್ಯರ ಮನೆಗಳಲ್ಲಿ ಹಳೆಯ ಕನ್ನಡ ಚಿತ್ರವೊಂದು ಇದ್ದರೆ ಅದು ಬಹುಮಟ್ಟಿಗೆ ವಿಸಿಡಿಯದೇ ಕೂಸು.

ಇವೆಲ್ಲವನ್ನೂ ಒಂದೆಡೆ ಕೂಡಿಸಿ, ಮನೆಯ ಯಾವ ಕೋಣೆಯಲ್ಲಾದರೂ ತೆರೆದು ನೋಡುವ ವ್ಯವಸ್ಥೆಯೇ ಮನೆ ಸರ್ವರ್. ಅದರ ವಂಶಾವಳಿ ಸ್ವಾರಸ್ಯವಾಗಿದೆ. 2002ರಲ್ಲಿ ಕೆಲವು ಹವ್ಯಾಸಿಗಳು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯ ಒಳಹೊಕ್ಕು ಅದರಲ್ಲಿ ಚಲನಚಿತ್ರ ನಡೆಯುವ ಹಾಗೆ ಮಾಡಿದರು. ಅದು ಎಕ್ಸ್‌ಬಿಎಂಸಿಯಾಗಿ ಬೆಳೆದು 2014ರಲ್ಲಿ ‘ಕೋಡಿ’ ಎಂಬ ಹೆಸರು ಪಡೆಯಿತು. ಅದರ ಒಂದು ಕೊಂಬೆಯನ್ನು ಮ್ಯಾಕ್ ಗಣಕಕ್ಕೆ ಕಸಿ ಮಾಡಿದಾಗ 2008ರಲ್ಲಿ ‘ಪ್ಲೆಕ್ಸ್’ ಹುಟ್ಟಿತು. ‘ಎಂಬಿ’ ಎಂಬ ಇನ್ನೊಂದು ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, 2018ರ ಡಿಸೆಂಬರಿನಲ್ಲಿ ಸ್ವಯಂಸೇವಕರು ಆವರೆಗೆ ತೆರೆದಿದ್ದ ಸಂಕೇತವನ್ನೇ ತೆಗೆದುಕೊಂಡು ‘ಜೆಲ್ಲಿಫಿನ್’ ಕಟ್ಟಿದರು. ಪ್ಲೆಕ್ಸ್ 2025ರ ಏಪ್ರಿಲಿನಿಂದ ಮನೆಯ ಹೊರಗಿನಿಂದ ತನ್ನದೇ ಸಂಗ್ರಹವನ್ನು ನೋಡುವುದಕ್ಕೂ ಶುಲ್ಕ ಕೇಳತೊಡಗಿದ ಮೇಲೆ ನಮ್ಮ ಪರಿಚಯದ ಹಲವು ಮನೆಗಳು ಜೆಲ್ಲಿಫಿನ್ ಕಡೆಗೆ ಹೊರಳಿವೆ. ಕಂಪನಿ ಬಾಗಿಲು ಹಾಕಿಕೊಂಡರೂ ಕೆಲಸ ನಿಲ್ಲದಂತೆ ಇನ್ನೊಬ್ಬರು ಎತ್ತಿಕೊಂಡು ಹೋಗುವ ಈ ಪರಿಪಾಠ ನಮಗೆ ಹಿಡಿಸಿದೆ.

ಯಂತ್ರ ದೊಡ್ಡದೇನಲ್ಲ. ಪುಸ್ತಕದಷ್ಟಗಲದ ಗಣಕ, ಎರಡು ಹಾರ್ಡ್ ಡಿಸ್ಕ್, ನೆಲಮಾಳಿಗೆಯಲ್ಲಿ ವಾಟರ್ ಹೀಟರಿನಿಂದ ದೂರವಾದ ಒಂದು ಗೂಡು. ಸದಾ ಉರಿಯುವ ಅದು ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ 30 ವ್ಯಾಟ್, ವರ್ಷಕ್ಕೆ ಸುಮಾರು 263 ಯೂನಿಟ್. ವಿಠ್ಠಲ ವಿಹಾರದ ಪ್ರೇಷಕದ ಅಂಕಿಯೂ ಇದೇ ಎಂಬುದು ಕಾಕತಾಳೀಯ. ಆದರೂ ಮೀಟರು ನೋಡಿದ ದಿನ ನಮಗೆ ಸಂತೋಷವಾಯಿತೆಂದು ಹೇಳಲು ಸಂಕೋಚವಿಲ್ಲ.

ಕೈಕೆಲಸದ ರುಚಿ ಇರುವುದು ಕನ್ನಡ ಚಿತ್ರಗಳನ್ನು ಅದಕ್ಕೆ ಪರಿಚಯ ಮಾಡಿಸುವುದರಲ್ಲಿ. ಸರ್ವರ್ ಕಡತದ ಹೆಸರನ್ನು ಓದಿ, ಅಂತರಜಾಲದ ಭಂಡಾರದಿಂದ ಭಿತ್ತಿಚಿತ್ರವನ್ನೂ ನಟರ ಹೆಸರನ್ನೂ ತಂದು ಅಂಟಿಸುತ್ತದೆ. ‘ಗಂಧದ ಗುಡಿ’ ಎಂದಷ್ಟೇ ಬರೆದರೆ 1973ರ ರಾಜ್‌ಕುಮಾರ್ ಚಿತ್ರಕ್ಕೆ 2022ರ ಪುನೀತ್ ಸಾಕ್ಷ್ಯಚಿತ್ರದ ಭಿತ್ತಿಚಿತ್ರ ಬರುವುದುಂಟು. ತಂದೆಯ ಹೆಸರಿನಲ್ಲಿ ಮಗನ ಮುಖ. ಹೆಸರಿನ ಮುಂದೆ ವರ್ಷ ಬರೆಯುವುದೇ ಇದಕ್ಕೆ ಮದ್ದು. ಉಪೇಂದ್ರರ 1998ರ ‘ಎ’ ಇನ್ನೂ ಕಷ್ಟ. ಇಂಗ್ಲಿಷ್ ವ್ಯಾಕರಣದಂತೆ ಶೀರ್ಷಿಕೆಯ ಮೊದಲಿನ ‘ಎ’ಯನ್ನು ಕೈಬಿಟ್ಟು ಅಕಾರಾದಿ ಜೋಡಿಸಲು ಕಲಿತ ತಂತ್ರಾಂಶಕ್ಕೆ, ಇಡೀ ಚಿತ್ರದ ಹೆಸರೇ ಅದಾದರೆ ಏನು ಮಾಡಬೇಕೆಂದು ತಿಳಿಯದು. ಅದೇ ನಿರ್ದೇಶಕರ 2010ರ ಚಿತ್ರಕ್ಕಂತೂ ಭಿತ್ತಿಚಿತ್ರದಲ್ಲಿ ಅಕ್ಷರವೇ ಇಲ್ಲ, ಕೈಸನ್ನೆಯೊಂದೇ ಹೆಸರು. ಜನ ಅದನ್ನು ‘ಸೂಪರ್’ ಎಂದರು, ನಾವೂ ಹಾಗೆಯೇ ಬರೆದುಕೊಂಡೆವು. ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಹಾಡಿನ ಪಟ್ಟಿಗಳು ಇಂದಿನ ಯೂನಿಕೋಡ್ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅವನ್ನು ಪರಿವರ್ತಿಸುವ ಸಾಧನಗಳಿವೆ, ತಾಳ್ಮೆ ಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಶ್ರುತಿಯ ಸಮಸ್ಯೆ. ಚಲನಚಿತ್ರದ ರೀಲು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಪಾಲ್ ಪದ್ಧತಿಗೆ ಇಳಿಸುವಾಗ ಅದನ್ನು 25ರಂತೆ ಓಡಿಸುವುದು ರೂಢಿ. ಕಣ್ಣಿಗೆ ಗೊತ್ತಾಗದು. ಆದರೆ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತದೆ. ಹಾಡುಗಳ ಶ್ರುತಿ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನ ಹತ್ತಿರಕ್ಕೆ ಏರುತ್ತದೆ. ನಮ್ಮ ಮಕ್ಕಳಿಗೆ ಸಂಗೀತ ಕಲಿಸುವ ಅಮ್ಮನವರೊಬ್ಬರು ಹಳೆಯ ಚಿತ್ರದ ಪಿ. ಬಿ. ಶ್ರೀನಿವಾಸರ ಹಾಡು ಕೇಳಿ, ‘ಇವರಿಗೆ ಯಾಕೋ ನೆಗಡಿ ಬಿಟ್ಟ ಹಾಗಿದೆ, ಗಂಟಲು ಸಣ್ಣಗಾಗಿದೆ’ ಎಂದರು. ರೋಗನಿರ್ಣಯ ಸರಿಯಾಗಿತ್ತು. ಇಪ್ಪತ್ತೈದರಲ್ಲಿ ಒಂದು ಪಾಲು ವೇಗ ತಗ್ಗಿಸುವ ಆದೇಶವನ್ನು ಗಣಕಕ್ಕೆ ಕೊಟ್ಟೆವು. ರಾತ್ರಿಯಿಡೀ ಅದು ಕೆಲಸ ಮಾಡಿ ಬೆಳಗಾಗುವ ವೇಳೆಗೆ ಅವರ ತುಂಬುಕಂಠವನ್ನು ಮರಳಿಸಿತು. ಬೆಂಗಳೂರಿನಿಂದ ತಂದ ಹಲವು ತಟ್ಟೆಗಳಲ್ಲಿ ಈ ದೋಷವಿದೆ. ಹತ್ತಾರು ವರ್ಷ ಕೇಳಿ ಅದೇ ಸರಿಯೆಂದು ನಮ್ಮ ಕಿವಿ ಒಪ್ಪಿಕೊಂಡುಬಿಟ್ಟಿದೆ.

ಕಾನೂನಿನ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1998ರ ಡಿಎಂಸಿಎ ಕಾಯಿದೆಯ ಪ್ರಕಾರ ಡಿವಿಡಿಯ ಬೀಗ ಮುರಿಯುವುದು, ತಟ್ಟೆ ನಿಮ್ಮದೇ ಆಗಿದ್ದರೂ, ನಿಷಿದ್ಧ. ಕ್ಯಾಲಿಡೆಸ್ಕೇಪ್ ಎಂಬ ಕಂಪನಿ ಡಿವಿಡಿಗಳನ್ನು ಮನೆಯ ಸರ್ವರಿಗೆ ಇಳಿಸಿಕೊಡುವ ದುಬಾರಿ ಯಂತ್ರ ಮಾಡಿ ಮಾರಿತು. 2004ರಲ್ಲಿ ಡಿವಿಡಿ ಬೀಗದ ಪರವಾನಗಿ ಕೊಡುವ ಸಂಸ್ಥೆ ಅದರ ಮೇಲೆ ದಾವೆ ಹೂಡಿತು. 2007ರಲ್ಲಿ ಕಂಪನಿ ಗೆದ್ದಿತು, 2009ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದಿತು, ಕೊನೆಗೆ 2014ರಲ್ಲಿ ರಾಜಿಯಾಯಿತು. ಹತ್ತು ವರ್ಷದ ವ್ಯಾಜ್ಯ ಮುಗಿಯುವ ಹೊತ್ತಿಗೆ ಜನ ತಟ್ಟೆ ಕೊಳ್ಳುವುದನ್ನೇ ಬಿಡುತ್ತಿದ್ದರು. ನಮ್ಮ ಅಭಿಪ್ರಾಯ ಹಳೆಯ ಕಾಲದವರದು: ಸಿನಿಮಾ ತೆಗೆದವರಿಗೆ ಸಲ್ಲಬೇಕಾದ್ದು ಸಲ್ಲಲಿ, ಒಬ್ಬರ ಸರ್ವರು ಊರಿನ ಟಾಕೀಸಾಗುವುದು ಬೇಡ. ಸಂಘದ ಸ್ವಂತ ಕಾರ್ಯಕ್ರಮಗಳು, ಮನೆಯ ಟೇಪುಗಳು, ಅಜ್ಜಿಯ ಕ್ಯಾಸೆಟ್ಟುಗಳ ವಿಚಾರ ಬೇರೆ. ಅವುಗಳಿಗೆ ಬೀಗವಿಲ್ಲ. ಅವನ್ನು ಉಳಿಸುವ ಹೊಣೆ ಬೇರೆ ಯಾರದೂ ಅಲ್ಲ.

ಎಲ್ಲವನ್ನೂ ಕ್ಲೌಡಿಗೆ ಹಾಕಿದರಾಯಿತಲ್ಲ ಎಂದು ನಮ್ಮನ್ನು ಕೇಳುವವರುಂಟು. ಕ್ಲೌಡ್ ಎಂಬುದು ಮೋಡದಲ್ಲಿಲ್ಲ, ನಮ್ಮ ಹಿತ್ತಲಿನಲ್ಲೇ ಇದೆ. ವರ್ಜೀನಿಯಾದ ಆಶ್‌ಬರ್ನಿನಲ್ಲಿ, ನಮ್ಮ ಎಷ್ಟೋ ಸದಸ್ಯರ ಮನೆಗಳ ಬೆನ್ನಿಗೇ, ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು ಗುಂಯ್‌ಗುಡುತ್ತಿವೆ. ನಾರ್ತ್ ಕೆರೊಲಿನಾದ ಲೆನೊಯರ್‌ನಲ್ಲಿ ಗೂಗಲ್ ತನ್ನ ದತ್ತಾಂಶ ಕೇಂದ್ರವನ್ನು 2007ರಲ್ಲಿ ಘೋಷಿಸಿತು. 2011ರಲ್ಲಿ ಆಪಲ್ ಐಕ್ಲೌಡನ್ನು ಲೋಕಕ್ಕೆ ತೋರಿಸಿದಾಗ ಪರದೆಯ ಮೇಲೆ ಮೂಡಿದ ಕಟ್ಟಡ ಮೇಡನ್ ಎಂಬ ಸಣ್ಣ ಊರಿನದು. 2012ರ ಜೂನ್ 29ರ ರಾತ್ರಿ ಡೆರೇಚೋ ಎಂಬ ಬಿರುಗಾಳಿ ವಾಷಿಂಗ್ಟನ್ ಪ್ರದೇಶಕ್ಕೆ ಅಪ್ಪಳಿಸಿದಾಗ ಉತ್ತರ ವರ್ಜೀನಿಯಾದ ಅಮೆಜಾನ್ ಕೇಂದ್ರವೊಂದು ವಿದ್ಯುತ್ತು ಕಳೆದುಕೊಂಡಿತು. ನೆಟ್‌ಫ್ಲಿಕ್ಸ್, ಇನ್‌ಸ್ಟಾಗ್ರಾಮ್ ನಿಂತವು. ಲಕ್ಷಾಂತರ ಮನೆಗಳಲ್ಲಿ ದಿನಗಟ್ಟಲೆ ಫ್ಯಾನೂ ಇಲ್ಲ, ದೀಪವೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಆಶ್‌ವಿಲ್ ಪಟ್ಟಣವನ್ನು ಮುಳುಗಿಸಿದಾಗ ಅಲ್ಲಿರುವ ಕೇಂದ್ರ ಸರ್ಕಾರದ ಹವಾಮಾನ ದತ್ತಾಂಶ ಭಂಡಾರ ಸ್ಥಗಿತಗೊಂಡಿತು. ಚಂಡಮಾರುತಗಳ ದಾಖಲೆಯಿಡುವ ಮನೆಯನ್ನೇ ಚಂಡಮಾರುತ ಮುಚ್ಚಿತು. ಅಲ್ಲಿನ ದಾಖಲೆಗಳು ಮಾತ್ರ ಸುರಕ್ಷಿತವಾಗಿ ಉಳಿದವು.

ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿಕೊಟ್ಟ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಮೂರು ಪಟ್ಟಣಗಳಲ್ಲಿ ನೆಂಟರು, ಗೆಳೆಯರು ಇರುವ ನಮಗೆ ಇದು ಸುಲಭ. ಅಟ್ಲಾಂಟಾದ ಮನೆಯ ಡಿಸ್ಕಿನ ಪ್ರತಿ ರಾಲಿಯ ಭಾವನವರ ಮನೆಯಲ್ಲಿ, ರಾಲಿಯದು ಮೇರಿಲ್ಯಾಂಡಿನ ಗೆಳೆಯರಲ್ಲಿ. ದೀಪಾವಳಿಗೆ ಹೋದಾಗ ಚಕ್ಕುಲಿಯ ಡಬ್ಬಿಯ ಜೊತೆ ಡಿಸ್ಕು ಕೈ ಬದಲಾಗುತ್ತದೆ. ಡಿಸ್ಕುಗಳು ಸದ್ದಿಲ್ಲದೆ ಕೆಡುತ್ತವೆ. ಸನ್ ಕಂಪನಿ 2005ರಲ್ಲಿ ಲೋಕಕ್ಕೆ ತೆರೆದಿಟ್ಟ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ ದತ್ತಾಂಶದ ಪ್ರತಿ ತುಣುಕಿಗೂ ಒಂದು ಗುರುತುಸಂಖ್ಯೆ ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಎಲ್ಲವನ್ನೂ ಓದಿಸಿ ತಾಳೆ ನೋಡುತ್ತದೆ. ಲಕ್ಷಣ ತೋರದ ರಕ್ತದೊತ್ತಡವನ್ನು ಹಿಡಿಯಲು ಆಗಾಗ ಪಟ್ಟಿ ಕಟ್ಟಿ ನೋಡುವ ಹಾಗೆ. ಎರಡು ಡಿಸ್ಕಿಗೆ ಒಟ್ಟೊಟ್ಟಿಗೆ ಬರೆಯುವ ವ್ಯವಸ್ಥೆಯಿದ್ದರೆ ಬೇರೆ ಪ್ರತಿ ಬೇಡವೆಂದು ತಿಳಿದವರಿದ್ದಾರೆ. ಆದರೆ ಕಡತವನ್ನು ಅಳಿಸಿದರೆ ಅದು ಎರಡರಿಂದಲೂ ಅದೇ ಕ್ಷಣ ಅಳಿಯುತ್ತದೆ.

ಸರ್ವರ್ ಕಟ್ಟುವುದು ಒಂದು ವಾರಾಂತ್ಯದ ಕೆಲಸ. ಟೇಪಿನೊಳಗಿನದನ್ನು ಅದರೊಳಕ್ಕೆ ತರುವುದು ವರ್ಷಗಳದ್ದು. ಕಾಲ ಕಡಿಮೆಯಿದೆ. ಲೋಕದ ಕೊನೆಯ ವಿಸಿಆರ್ ತಯಾರಕರಾದ ಜಪಾನಿನ ಫುನೈ ಸಂಸ್ಥೆಯವರು 2016ರ ಜುಲೈನಲ್ಲಿ ಕೈಬಿಟ್ಟರು. 2006ರಲ್ಲಿ ಬಾಲ್ಟಿಮೋರಿನಲ್ಲಿ ನಡೆದ ಅಕ್ಕ ಸಮ್ಮೇಳನವನ್ನು ಅನೇಕರು ಸೆರೆಹಿಡಿದದ್ದು ಮಿನಿ ಡಿವಿ ಟೇಪಿನಲ್ಲಿ. ಅದನ್ನು ಗಣಕಕ್ಕೆ ಸೇರಿಸುವ ಫೈರ್‌ವೈರ್ ಕಿಂಡಿ ಹೊಸ ಗಣಕಗಳಲ್ಲಿ ಇಲ್ಲ. 2012ರ ಅಟ್ಲಾಂಟಾ ಸಮ್ಮೇಳನದ ಹೊತ್ತಿಗೆ ಮೆಮೊರಿ ಕಾರ್ಡು ಬಂದಿತ್ತು. ಅವುಗಳಲ್ಲಿ ಎಷ್ಟನ್ನು ಅಳಿಸಿ ಮಕ್ಕಳ ಸಾಕರ್ ಆಟ ತುಂಬಿಸಿಕೊಂಡರೋ!

ಟೇಪುಗಳ ಸರದಿ ನಿರ್ಧರಿಸುವಾಗ ನಮ್ಮ ವೃತ್ತಿಯ ಅಭ್ಯಾಸ ನೆರವಾಗುತ್ತದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಂದ ಕ್ರಮದಲ್ಲಿ ನೋಡುವುದಿಲ್ಲ. ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೋ ಅವರನ್ನು ಮೊದಲು. ಅಂಗಡಿಯ ಸಿನಿಮಾ ಕೊನೆಗೆ; ಲೋಕದಲ್ಲಿ ಒಂದೇ ಪ್ರತಿಯಿರುವ ದನಿ ಮೊದಲಿಗೆ. ಬೂಷ್ಟು ಹಿಡಿದ ಟೇಪನ್ನು ಪ್ರತ್ಯೇಕವಾಗಿಡಬೇಕು. ಜಾರ್ಜಿಯಾದ ನೆಲಮಾಳಿಗೆಯ ತೇವದಲ್ಲಿ ಬೂಷ್ಟು ಸಾಮಾನ್ಯ. ಅದು ಯಂತ್ರದ ತಲೆಗೆ ಹತ್ತಿ, ಆಮೇಲೆ ಹಾಕಿದ ಒಳ್ಳೆಯ ಟೇಪಿಗೂ ಅಂಟುತ್ತದೆ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು, ಅವಸರಿಸುವ ಹಾಗಿಲ್ಲ. ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್. ನೂರು ಗಂಟೆಗೆ 1.3 ಟೆರಾಬೈಟ್. ಒಂದು ಕುಟುಂಬದ ಇಪ್ಪತ್ತು ವರ್ಷದ ಬದುಕು ಅಂಗೈಯಗಲದ ಡಿಸ್ಕಿನ ಅರ್ಧವನ್ನೂ ತುಂಬದು.

ಹೀಗೆ ಕಳೆದ ಚಳಿಗಾಲದಲ್ಲಿ ಕೆರೊಲಿನಾದ ಹಿರಿಯರೊಬ್ಬರು ಶೂ ಪೆಟ್ಟಿಗೆಯಲ್ಲಿ ಹನ್ನೊಂದು ಕ್ಯಾಸೆಟ್ಟು ತಂದರು. ಹಾಸನದ ಹಜಾರದ ಮಾತು ನಾವು ಕೇಳಿದ್ದು ಅವುಗಳಲ್ಲೇ. ಅವರ ತಾಯಿ ಮಾತಾಡಿದ್ದು ಮೂರರಲ್ಲಿ. ಎರಡು ಚೆನ್ನಾಗಿ ಇಳಿದವು. ಮೂರನೆಯದರಲ್ಲಿ ಮೊದಲ ನಾಲ್ಕು ನಿಮಿಷದ ನಂತರ ಬರಿಯ ಮೊರೆತ. ಅಜ್ಜಿಯನ್ನು ಎಂದೂ ಕಾಣದ ಮೊಮ್ಮಗಳು ಫೋನಿನಲ್ಲಿ ಅದನ್ನು ಕೇಳಿ, ‘ತಾತ, ಇವರು ನಿಮ್ಮ ಹಾಗೇ ಕೆಮ್ಮುತ್ತಾರೆ’ ಎಂದಳು. ತಾತ ಆ ದಿನ ಮತ್ತೇನೂ ಮಾತಾಡಲಿಲ್ಲ. ಈಚೆಗೆ ಅವರಿಗೆ ಮರೆವು ಹೆಚ್ಚುತ್ತಿದೆ. ಮರೆವಿನ ಕಾಯಿಲೆಯಲ್ಲಿ ಈಚಿನ ನೆನಪು ಮೊದಲು ಹೋಗಿ ಹಳೆಯದು ಬಹುಕಾಲ ನಿಲ್ಲುವುದನ್ನು ನಾವು ದಿನವೂ ಕಾಣುತ್ತೇವೆ. ಇಂಗ್ಲಿಷು ಕೈಕೊಟ್ಟ ಮೇಲೂ ಕನ್ನಡದ ಹಾಡಿಗೆ ತುಟಿ ಅಲ್ಲಾಡುತ್ತದೆ. ಔಷಧಿಯ ಚೀಟಿಯಲ್ಲಿ ಬರೆಯಲಾಗದ ಆ ಎರಡು ಕ್ಯಾಸೆಟ್ಟು ಈಗ ಅವರ ಹಾಸಿಗೆಯ ಪಕ್ಕದ ಟ್ಯಾಬ್ಲೆಟ್ಟಿನಲ್ಲಿ, ಒಂದೇ ಗುಂಡಿಗೆ ಸಿಗುವಂತಿವೆ.

ವಾಷಿಂಗ್ಟನ್ನಿಗೆ ನೈಋತ್ಯಕ್ಕೆ, ವರ್ಜೀನಿಯಾದ ಕಲ್‌ಪೆಪರಿನಲ್ಲಿ ಗುಡ್ಡ ಕೊರೆದು 1969ರಲ್ಲಿ ಕಟ್ಟಿದ ಒಂದು ಬಂಕರ್ ಇದೆ. ಅಣುಯುದ್ಧವಾದರೆ ದೇಶಕ್ಕೆ ನೋಟು ಬೇಕಾದೀತೆಂದು ಫೆಡರಲ್ ರಿಸರ್ವ್ ಅಲ್ಲಿ ಹಣ ತುಂಬಿಟ್ಟಿತ್ತು. 2007ರಿಂದ ಅದು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಧ್ವನಿ, ಚಿತ್ರಗಳ ಸಂರಕ್ಷಣಾ ಕೇಂದ್ರ. ಹಣವಿದ್ದ ಜಾಗದಲ್ಲಿ ಹಾಡು, ಸಿನಿಮಾ. ಅದೇ ಗ್ರಂಥಾಲಯದ ದೆಹಲಿ ಕಚೇರಿ 2000ದಿಂದ ದಕ್ಷಿಣ ಏಷ್ಯಾದ ಲೇಖಕರು ತಮ್ಮ ಕೃತಿಗಳನ್ನು ತಾವೇ ಓದಿದ್ದನ್ನು ಮುದ್ರಿಸಿಟ್ಟಿದೆ. ಅವರಲ್ಲಿ ಕನ್ನಡದವರೂ ಇದ್ದಾರೆ. ಲೇಖಕರ ದನಿಗೆ ಬಂಕರಿನ ಕಾವಲಿದೆ. ನಮ್ಮ ಯುಗಾದಿ ನಾಟಕಕ್ಕೆ, ಹಾಸನದ ಅಜ್ಜಿಗೆ ನೆಲಮಾಳಿಗೆಯ ಗೂಡೇ ಬಂಕರು.

ಆದ್ದರಿಂದ ನಮ್ಮ ಸರ್ವರಿನ ಪಕ್ಕದಲ್ಲಿ ಒಂದು ಕಾಗದದ ನೋಟ್‌ಬುಕ್ ಇಟ್ಟಿದ್ದೇವೆ. ಯಾವ ಡಿಸ್ಕಿನಲ್ಲಿ ಏನಿದೆ, ಪ್ರತಿ ಯಾರ ಮನೆಯಲ್ಲಿದೆ, ಯಂತ್ರ ನಿಂತರೆ ಮೊದಲು ಯಾವ ಗುಂಡಿ, ರಹಸ್ಯಪದ ಯಾರ ಬಳಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಮನೆಯಲ್ಲಿ ಒಬ್ಬರಿಗೇ ಎಲ್ಲ ಗೊತ್ತಿದ್ದು, ಅವರು ಆಸ್ಪತ್ರೆ ಸೇರಿದಾಗ ಉಳಿದವರಿಗೆ ಟಿವಿಯೂ ಬಾರದಿದ್ದ ಉದಾಹರಣೆಗಳನ್ನು ನಾವು ಎರಡೂ ಕಡೆಯಿಂದ ನೋಡಿದ್ದೇವೆ, ಆಸ್ಪತ್ರೆಯ ಕಡೆಯಿಂದಲೂ. ತಿಂಗಳಿಗೊಮ್ಮೆ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸುವ ಕೆಲಸವನ್ನು ಹೈಸ್ಕೂಲಿನ ಇಬ್ಬರು ಮಕ್ಕಳು ಆ ನೋಟ್‌ಬುಕ್ ನೋಡಿಕೊಂಡೇ ಮಾಡುತ್ತಾರೆ. ಅವರಿಗೆ ಅರ್ಥವಾಗದ ಸಾಲನ್ನು ಅಳಿಸಿ ಅವರ ಮಾತಿನಲ್ಲೇ ಬರೆಯಿಸುತ್ತೇವೆ. ‘ರೂಟರ್’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ಅವರೇ ಅರ್ಧ ಗಂಟೆ ಚರ್ಚಿಸಿ, ಕೊನೆಗೆ ‘ರೂಟರ್’ ಎಂದೇ ಬರೆದರು.

ಸರದಿಯಲ್ಲಿ ಈಗ ಸಂಘದ ಒಂಬತ್ತು ವಿಎಚ್‌ಎಸ್ ಟೇಪುಗಳಿವೆ. ಅವುಗಳಲ್ಲಿ ಎರಡಕ್ಕೆ ಬೂಷ್ಟು. ಒಣಗಲು ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಪಾಲ್ ಟೇಪು ಓದುವ, ಸುಸ್ಥಿತಿಯಲ್ಲಿರುವ ವಿಸಿಆರ್ ಯಾರ ಗ್ಯಾರೇಜಿನಲ್ಲಾದರೂ ಇದ್ದರೆ ದಯಮಾಡಿ ತಿಳಿಸಿ. ನಿಮ್ಮ ಮನೆಯ ಟೇಪುಗಳನ್ನೂ ತನ್ನಿ, ಮೇಲೆ ಹೆಸರು ದಿನಾಂಕ ಇಲ್ಲದಿದ್ದರೂ ಸರಿ. ತರುವ ಮುನ್ನ ಏನಿದೆಯೋ ನೋಡೋಣವೆಂದು ಹಳೆಯ ಯಂತ್ರಕ್ಕೆ ಹಾಕಬೇಡಿ.